ಒಬ್ಬ ಕಳ್ಳನೂ ಇಲ್ಲದ ತಟ್ಟೆ

ನಮ್ಮಕ್ಕನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ನಾನು ಸುತ್ತಿ ಬಳಸಿ ಹೇಳುವವಳಲ್ಲ. ಮಕ್ಕಳ ಕಕ್ಕ ನೋಡುವುದು. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡ ಹಾಗೆ ಉದ್ದನೆಯ ಒಂದು ಲ್ಯಾಬ್ ಇದೆ. ಅದರ ಕಿಟಕಿಯಲ್ಲಿ ತಾಯಂದಿರು ಮೂಗು ಮುಚ್ಚಿಕೊಂಡು ಪುಟ್ಟ ಪುಟ್ಟ ಡಬ್ಬಿ ಇಟ್ಟು ಹೋಗುತ್ತಾರೆ. ಅಕ್ಕ ಮೂಗು ಮುಚ್ಚಿದ್ದನ್ನು ನಾನು ಕಂಡಿಲ್ಲ. ಮುಚ್ಚಳ ತೆಗೆದು, ಒಲೆಯ ಮೇಲಿನ ಅಡುಗೆಯ ಹದ ನೋಡುವವಳಂತೆ ಒಮ್ಮೆ ಇಣುಕುತ್ತಾಳೆ. ನೀರಾಗಿದೆಯೋ, ಲೋಳೆ ಇದೆಯೋ, ರಕ್ತ ಇದೆಯೋ ಎಂದು ಮೊದಲು ಕಣ್ಣಲ್ಲೇ ಅಳೆಯುತ್ತಾಳೆ. ಮದುವೆಯಾದ ಹೊಸತರಲ್ಲಿ ಗಂಡನ ಕಡೆಯವರು ಈ ಕೆಲಸ ಬಿಡು ಎಂದು ಮೂಗು ಮುರಿದಾಗ, “ಊರವರ ಹೊಟ್ಟೆ ನೋಡಿಯೇ ನಮ್ಮ ಹೊಟ್ಟೆ ತುಂಬೋದು, ಬಿಟ್ಟರೆ ನೀವು ತುಂಬಿಸ್ತೀರಾ?” ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು. ಭಾವ ತೀರಿಕೊಂಡ ಮೇಲೆ ಮಗಳನ್ನು ಬೆಳೆಸಿದ್ದೂ ಅದೇ ಕೆಲಸದಿಂದ.

ನಾನು ಅವಳ ಬೆನ್ನಿಗೆ ಬಿದ್ದ ತಂಗಿ. ಹೊಲಿಗೆಯವಳು. ಅವಳ ಬಿಳಿ ಕೋಟುಗಳನ್ನೆಲ್ಲ ಹೊಲಿದವಳು ನಾನೇ. ಮೇಲಿನ ಮನೆ ಅವಳದು, ಕೆಳಗಿನದು ನನ್ನದು. ಸಂಜೆ ಮೆಟ್ಟಿಲಿಳಿದು ಬಂದು ನನ್ನ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು ಅವತ್ತಿನ ತಟ್ಟೆಗಳ ಕಥೆ ಹೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಕೇಳಿದ ನನಗೂ ಎಷ್ಟೋ ಸಲ ಸೇರುತ್ತಿರಲಿಲ್ಲ, ಆ ಮಾತು ಬೇರೆ.

ಹೀಗೆ ಕೇಳಿ ಕೇಳಿ ಆ ವಿದ್ಯೆ ನನಗೂ ಅರ್ಧಂಬರ್ಧ ಬಂತು. ಒಂದು ಪುಡಿ ಇರುತ್ತದೆ. ಅದನ್ನು ನೀರಿನಲ್ಲಿ ಕುದಿಸಿ ಅಂಗೈಯಗಲದ ತಟ್ಟೆಗಳಿಗೆ ಹುಯ್ಯಬೇಕು. ಆರಿದರೆ ಹೆಪ್ಪುಗಟ್ಟುತ್ತದೆ. ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಡಬ್ಬಿಯಲ್ಲಿ ಅದ್ದಿ, ತಟ್ಟೆಯ ಮೇಲೆ ಅಡ್ಡಡ್ಡ ಗೀರು ಎಳೆಯಬೇಕು. ಬಿಸಿ ಪೆಟ್ಟಿಗೆಯೊಳಗೆ ಇಟ್ಟು ಮನೆಗೆ ಬಂದರೆ, ಬೆಳಗ್ಗೆ ಗೀರಿನ ಉದ್ದಕ್ಕೂ ಚುಕ್ಕೆಗಳು ಎದ್ದಿರುತ್ತವೆ. ಒಂದೊಂದು ಚುಕ್ಕೆಯೂ ಲಕ್ಷಾಂತರ ಕ್ರಿಮಿಗಳ ಒಂದೊಂದು ಊರು.

ಆ ತಟ್ಟೆಯಲ್ಲಿ ಹಾಲಿನ ಸಕ್ಕರೆ ಇರುತ್ತದೆ. ಎಲ್ಲರ ಹೊಟ್ಟೆಯಲ್ಲೂ ಹುಟ್ಟಾ ಇರುವ ಸಾಧು ಕ್ರಿಮಿಗಳು ಆ ಸಕ್ಕರೆ ತಿಂದು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ರಕ್ತಭೇದಿಯ ಕ್ರಿಮಿ, ಕರುಳಿನ ಜ್ವರದ ಕ್ರಿಮಿ ಅದನ್ನು ಮುಟ್ಟುವುದಿಲ್ಲ, ಬಣ್ಣಗೆಟ್ಟು ಬಿಳಿಚಿಕೊಂಡೇ ಉಳಿಯುತ್ತವೆ. ಅಕ್ಕನಿಗೆ ಕೆಲಸ ಕಲಿಸಿದ ಮುದುಕರೊಬ್ಬರಿದ್ದರು, ತಂತಿಮಾಮ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವರು ಮೊದಲ ದಿನವೇ ಹೇಳಿಕೊಟ್ಟಿದ್ದರಂತೆ: “ಬಣ್ಣ ಬಂದವರು ಮನೆಯವರು, ಬಣ್ಣ ಬಾರದವರು ಕಳ್ಳರು. ಮನೆಯವರನ್ನ ಬಿಡು, ಕಳ್ಳರನ್ನ ಹಿಡಿ.” ಇಷ್ಟೇ ಮಂತ್ರ. ಅಕ್ಕ ಅದನ್ನು ಜೀವಮಾನವೆಲ್ಲ ಜಪಿಸಿದಳು.

ಮಂತ್ರ ಸುಳ್ಳೇನಲ್ಲ, ಅದನ್ನೂ ಹೇಳಬೇಕು. ಅಕ್ಕ ಇನ್ನೂ ಹೊಸಬಳಾಗಿದ್ದಾಗ ಅನಾಥಾಲಯದ ಮಕ್ಕಳಿಗೆ ಸಾಲಾಗಿ ರಕ್ತಭೇದಿ ಹಿಡಿಯಿತು. ಊಟ ಹಳಸಿರಬೇಕು ಎಂದು ಎಲ್ಲರೂ ಅಡುಗೆಯವಳ ಮೇಲೆ ಬಿದ್ದಿದ್ದರು. ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗುಲಾಬಿ ಚುಕ್ಕೆಗಳ ಸಂದಿಯಿಂದ ಸಾಸಿವೆಯಷ್ಟು ಬಿಳಿ ಚುಕ್ಕೆಗಳನ್ನು ಹೆಕ್ಕಿ ತೆಗೆದಳು. ಅದೇ ಕ್ರಿಮಿ ಅಲ್ಲಿನ ನೀರಿನ ತೊಟ್ಟಿಯಲ್ಲೂ ಸಿಕ್ಕಿತು. ತೊಟ್ಟಿಗೆ ಬೀಗ ಬಿತ್ತು, ಮಕ್ಕಳು ಉಳಿದವು, ಅಡುಗೆಯವಳು ಅಕ್ಕನ ಕೈ ಹಿಡಿದುಕೊಂಡು ಅತ್ತಳು. ಆಸ್ಪತ್ರೆಯವರು ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ಅಕ್ಕ ಮನೆಗೆ ತರಲಿಲ್ಲ. ಬಂದವರ ಕಣ್ಣಿಗೆಲ್ಲ ಬೀಳುವ ಹಾಗೆ ಲ್ಯಾಬಿನಲ್ಲೇ ತೂಗುಹಾಕಿದಳು.

ಕಷ್ಟ ಶುರುವಾದದ್ದು ಅವಳು ಮನುಷ್ಯರನ್ನೂ ಹಾಗೆಯೇ ವಿಂಗಡಿಸತೊಡಗಿದ ಮೇಲೆ. ಹಾಲಿನವನು ಮನೆಯವನು, ಪೇಪರಿನವನು ಕಳ್ಳ. ಮಗಳು ತಾನೇ ಮೆಚ್ಚಿ ಒಬ್ಬ ಬಸ್ ಕಂಡಕ್ಟರನನ್ನು ಕರೆದುಕೊಂಡು ಬಂದಾಗ ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಬಂದು ನನ್ನ ಕಿವಿಯಲ್ಲಿ “ಬಣ್ಣ ಬಂದಿಲ್ಲ” ಎಂದಳು. ಮಾತು ಕಮ್ಮಿಯ ಹುಡುಗ, ಪಾಪ. ಮದುವೆಯಾಯಿತು, ಅಕ್ಕನ ಮನೆಯಲ್ಲೇ ಸಂಸಾರ ಹೂಡಿದರು, ಮಗುವೂ ಆಯಿತು, ಆದರೂ ಅವಳ ಬಾಯಲ್ಲಿ ಅಳಿಯ ಬಣ್ಣ ಬಾರದವನಾಗಿಯೇ ಉಳಿದ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಮ್ಮಕ್ಕ.

ಹುಟ್ಟಿದ ಮಗು ಮಾತ್ರ ಮೊದಲ ದಿನದಿಂದಲೇ ಮನೆಯವಳು. ದುಂಡಗೆ, ಸಣ್ಣಗೆ ಇದ್ದಳೆಂದು ಬಟಾಣಿ ಎಂದು ಹೆಸರಿಟ್ಟವಳು ನಾನು. ಬಟಾಣಿಗೆ ಅಜ್ಜಿಯ ಕೆಲಸವೆಂದರೆ ಕಳ್ಳ ಪೊಲೀಸ್ ಆಟ. ಹೊಟ್ಟೆ ಚುರುಕ್ ಎಂದರೂ ಅಂಗಿ ಎತ್ತಿಕೊಂಡು ಓಡಿ ಬರುತ್ತಿದ್ದಳು: “ಅಜ್ಜೀ, ನನ್ನ ಹೊಟ್ಟೇಲಿ ಕಳ್ಳ ಇದಾನಾ?” ಅಕ್ಕ ಹೊಕ್ಕುಳಿಗೆ ಕಿವಿ ಇಟ್ಟು, ಮುಖ ಗಂಟಿಕ್ಕಿ, ತುಂಬಾ ಹೊತ್ತು ಕೇಳಿಸಿಕೊಂಡು, “ಒಬ್ಬನೂ ಇಲ್ಲ, ಎಲ್ಲ ಮನೆಯವರೇ!” ಎಂದು ತೀರ್ಪು ಕೊಡುತ್ತಿದ್ದಳು. ಮಗು ನಗುತ್ತಾ ಓಡುತ್ತಿತ್ತು.

ಆ ಹೊತ್ತಿಗೆ ಆಸ್ಪತ್ರೆಗೆ ಚಿಕ್ಕ ಡಾಕ್ಟರು ಬಂದಿದ್ದರು. ಹಳೆಯ ದೊಡ್ಡ ಡಾಕ್ಟರು ನಿವೃತ್ತರಾದ ಮೇಲೆ ಲ್ಯಾಬಿಗೆ ಇವರೇ ಮುಖ್ಯಸ್ಥೆ. ಓದುವ ಕಾಲದಲ್ಲಿ ಇದೇ ಲ್ಯಾಬಿಗೆ ಬಂದು ಅಕ್ಕನ ಕೈಕೆಳಗೆ ತಂತಿ ಹಿಡಿಯಲು ಕಲಿತ ಹುಡುಗಿ. ಬಂದ ಸ್ವಲ್ಪ ದಿನಕ್ಕೇ ಹೊಸ ಪುಡಿಯ ಡಬ್ಬಿಯೊಂದನ್ನು ತರಿಸಿ ಅಕ್ಕನ ಮುಂದಿಟ್ಟರು.

“ಅಕ್ಕಾ, ಇನ್ನು ಮೇಲೆ ಮಕ್ಕಳದ್ದು ರಕ್ತ ಬಿದ್ದ ಸ್ಯಾಂಪಲ್ ಬಂದ್ರೆ ಈ ಪುಡಿಯ ತಟ್ಟೆಗೂ ಒಂದು ಗೀರು ಹಾಕಿ. ಮನೆಯವರ ವೇಷ ಹಾಕಿರೋ ಕಳ್ಳ ಒಬ್ಬ ಇದಾನೆ, ದನದ ಸಗಣಿಯಿಂದ ಬರ್ತಾನೆ. ಹಾಲಿನ ಸಕ್ಕರೆ ತಿಂದು ಗುಲಾಬಿ ಆಗಿಬಿಡ್ತಾನೆ, ನಮ್ಮ ಹಳೇ ತಟ್ಟೇಲಿ ಗುರುತೇ ಸಿಗಲ್ಲ. ಇದರಲ್ಲಿರೋದು ಬೇರೆ ಸಕ್ಕರೆ. ಅದನ್ನ ಅವನು ಮುಟ್ಟಲ್ಲ, ಬಿಳಿಯಾಗಿ ಸಿಕ್ಕಿಬೀಳ್ತಾನೆ. ಅವನದ್ದು ಬರೀ ಭೇದಿಗೆ ಮುಗಿಯಲ್ಲ ಅಕ್ಕ. ಕೆಲವು ಮಕ್ಕಳಲ್ಲಿ ಕಿಡ್ನಿಗೇ ಕೈ ಹಾಕ್ತಾನೆ.”

“ಆಯ್ತು ಡಾಕ್ಟ್ರೇ” ಎಂದಳು ಅಕ್ಕ. ಎಂದು, ಡಬ್ಬಿಯನ್ನು ಎತ್ತಿ ಎಲ್ಲಕ್ಕಿಂತ ಮೇಲಿನ ಅಟ್ಟಣಿಗೆಗೆ ಇಟ್ಟಳು, ಸ್ಟೂಲು ಹಾಕದೆ ಕೈಗೆ ಸಿಗದ ಕಡೆ.

ಸಂಜೆ ನನ್ನ ಮುಂದೆ ಕುದಿದಳು. “ಗುರುವಿಗೇ ತಿರುಮಂತ್ರ! ತಂತಿ ಆರಿಸದೆ ತಟ್ಟೆ ಚುಯ್ ಅನ್ನಿಸಿದ್ದವಳು. ಅವಳು ಈಗ ನನಗೆ ಕಳ್ಳನ್ನ ತೋರಿಸ್ತಾಳಂತೆ. ಗುಲಾಬಿ ಕಳ್ಳ! ತಂತಿಮಾಮ ಇದ್ದಿದ್ರೆ ನಕ್ಕು ನಕ್ಕು ಸಾಯ್ತಿದ್ರು.”

“ಒಂದು ತಟ್ಟೆ ಜಾಸ್ತಿ ಹುಯ್ದರೆ ನಿನ್ನ ಗಂಟೇನು ಹೋಗುತ್ತೆ?” ಎಂದೆ.

“ಕುದಿಸೋದು ಯಾರು, ಹುಯ್ಯೋದು ಯಾರು, ತೊಳೆಯೋದು ಯಾರು? ನೀನು ಬರ್ತೀಯಾ?” ಎಂದಳು. ಅದು ನೆಪ. ಕೆಲಸಕ್ಕೆ ಹೆದರುವ ಹೆಂಗಸಲ್ಲ ಅವಳು. ಆ ತಟ್ಟೆ ಹುಯ್ದರೆ ಇಷ್ಟು ವರ್ಷ ತಾನು ಬಿಟ್ಟು ಕಳಿಸಿದ ಗುಲಾಬಿ ಚುಕ್ಕೆಗಳ ನಡುವೆ ಕಳ್ಳರೂ ಇದ್ದಿರಬಹುದು ಎಂದು ಒಪ್ಪಿದ ಹಾಗಾಗುತ್ತಿತ್ತು. ಅದಕ್ಕೆ ಅವಳು ತಯಾರಿರಲಿಲ್ಲ.

ಚಿಕ್ಕ ಡಾಕ್ಟರು ಆಗಾಗ ಕೇಳುತ್ತಿದ್ದರಂತೆ, “ಅಕ್ಕಾ, ಹೊಸ ತಟ್ಟೆ?” ಎಂದು. ಅಕ್ಕ “ನಾಳೆ” ಎನ್ನುತ್ತಿದ್ದಳು. ಅವರು ತಲೆಯಾಡಿಸಿ ಹೋಗುತ್ತಿದ್ದರು. ಅಷ್ಟು ಓದಿದವರು, ಕುರ್ಚಿಯ ಮೇಲೆ ಕೂತವರು, ಒಂದು ಸಲ ಮೇಜು ಕುಟ್ಟಿ ಹೇಳಬಾರದಿತ್ತೇ? ಹಳೆಯ ಗುರುವಿನ ಮುಂದೆ ದನಿ ಎತ್ತಲು ಸಂಕೋಚವಂತೆ. ಆ ಸಂಕೋಚಕ್ಕೆ ಬೆಂಕಿ ಬೀಳಲಿ. ನನಗೆ ಅವರ ಮೇಲೂ ಸಿಟ್ಟಿದೆ.

ಬಟಾಣಿ ಹೋಗುತ್ತಿದ್ದ ಶಿಶುವಿಹಾರದ ಹಿಂದೆ ಒಂದು ದನದ ಕೊಟ್ಟಿಗೆ ಇತ್ತು. ಹೊಸದಾಗಿ ಹುಟ್ಟಿದ ಕರುವನ್ನು ತೋರಿಸಲು ಟೀಚರು ಒಂದು ತಂಡದ ಮಕ್ಕಳನ್ನು ಕರೆದುಕೊಂಡು ಹೋಗಿದ್ದರು. ಬಟಾಣಿ ಆ ತಂಡದಲ್ಲಿ ಇರಲಿಲ್ಲ. ಹೋದವರಲ್ಲಿ ಇಬ್ಬರಿಗೆ ಸ್ವಲ್ಪ ದಿನದಲ್ಲೇ ಭೇದಿ ಶುರುವಾಯಿತು, ರಕ್ತವೂ ಬಿತ್ತು. ಎರಡೂ ಡಬ್ಬಿಗಳು ಅಕ್ಕನ ಕಿಟಕಿಗೇ ಬಂದವು. ಚಿಕ್ಕ ಡಾಕ್ಟರು ಅವತ್ತೂ “ಅಕ್ಕಾ, ಇವಕ್ಕಾದ್ರೂ ಹೊಸ ತಟ್ಟೆ ಹಾಕಿ” ಎಂದರು. ಅಕ್ಕ ಅವತ್ತೂ “ನಾಳೆ” ಎಂದಳು. ಹಳೆಯ ತಟ್ಟೆಯಲ್ಲಿ ತುಂಬಾ ಗುಲಾಬಿ. ‘ರೋಗದ ಕ್ರಿಮಿ ಇಲ್ಲ’ ಎಂದು ಬರೆದು ಕಳಿಸಿದಳು. ಆ ಮಕ್ಕಳು ತಾವಾಗಿಯೇ ಚೇತರಿಸಿಕೊಂಡು, ಹೊಟ್ಟೆ ಇನ್ನೂ ಪೂರ್ತಿ ಕಟ್ಟುವ ಮೊದಲೇ ಶಿಶುವಿಹಾರಕ್ಕೆ ವಾಪಸ್ಸಾದರು. ಒಂದೇ ಬಕೆಟ್ಟಿನಲ್ಲಿ ಕೈತೊಳೆಯುವ, ಒಬ್ಬರ ಲೋಟದಲ್ಲಿ ಒಬ್ಬರು ನೀರು ಕುಡಿಯುವ ಜಾಗ ಅದು.

ಆಮೇಲೆ ಬಟಾಣಿ ಮಲಗಿದಳು.

ಮೊದಲು ಹೊಟ್ಟೆನೋವು, ಆಮೇಲೆ ನೀರಿನಂಥ ಭೇದಿ, ಮರುದಿನ ಅದರ ತುಂಬಾ ರಕ್ತ. ಮಗಳು ಹೆದರಿ ಅಕ್ಕನ ಹತ್ತಿರ ಓಡಿ ಬಂದಳು. “ನನ್ನ ಮೊಮ್ಮಗಳದ್ದು ನಾನೇ ನೋಡ್ತೀನಿ, ಯಾರೂ ಕೈ ಹಾಕೋದು ಬೇಡ” ಎಂದಳು ಅಕ್ಕ. ಹೊಸದಾಗಿ ಪುಡಿ ಕುದಿಸಿ, ಅವತ್ತೇ ಹುಯ್ದ ತಟ್ಟೆಗಳನ್ನೇ ತೆಗೆದುಕೊಂಡಳು. ಒಂದು ಸಾಲದೆಂದು ಎರಡು ಬಗೆಯ ತಟ್ಟೆಗೆ ಗೀರೆಳೆದಳು. ಎರಡೂ ಹಾಲಿನ ಸಕ್ಕರೆಯವೇ. ಅಟ್ಟಣಿಗೆಯ ಮೇಲಿನ ಡಬ್ಬಿಯ ಕಡೆ ಅವಳು ತಲೆ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಹೊಲಿದ ಕೋಟುಗಳನ್ನು ಕೊಡಲು ನಾನು ಲ್ಯಾಬಿಗೆ ಹೋಗಿದ್ದೆ. ಅಕ್ಕ ಬಿಸಿ ಪೆಟ್ಟಿಗೆಯ ಬಾಗಿಲು ತೆಗೆದಳು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ತಿರುಗಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದಳು. ಆಮೇಲೆ ನನ್ನನ್ನು ತೋಳು ಹಿಡಿದು ಎಳೆದಳು.

“ನೋಡೇ, ನೋಡು! ಒಬ್ಬ ಕಳ್ಳನೂ ಇಲ್ಲ. ಎಲ್ಲ ಮನೆಯವರೇ!”

ನಿಜಕ್ಕೂ ಚೆಂದವಿತ್ತು ಆ ತಟ್ಟೆ. ಒಂದಕ್ಕೊಂದು ಅಂಟದ ದುಂಡನೆಯ ಗುಲಾಬಿ ಚುಕ್ಕೆಗಳು, ಹೊಸ ಬಟ್ಟೆಗೆ ಮಣಿ ಹೊಲಿದ ಹಾಗೆ. ಅಕ್ಕ ಕಣ್ಣೊರೆಸಿಕೊಂಡು ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದಳು. ನಾನೂ ನಿರಾಳವಾಗಿ ಉಸಿರುಬಿಟ್ಟು ಮನೆಗೆ ಬಂದೆ.

ಸಂಜೆ ಅಳಿಯ ಕೆಲಸ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು ಮೆತ್ತಗೆ ಕೇಳಿದ. “ಅತ್ತೆ, ರಕ್ತ ಬಿದ್ದಿದೆಯಲ್ಲ. ಚಿಕ್ಕ ಡಾಕ್ಟ್ರಿಗೆ ಒಂದು ಸಲ ತೋರಿಸಿಬಿಡೋಣ್ವಾ?”

“ನೀನು ಟಿಕೆಟ್ ಹರಿಯೋ ಕೆಲಸ ನೋಡ್ಕೋಪ್ಪ” ಎಂದಳು ಅಕ್ಕ. “ನನ್ನ ತಟ್ಟೆ ಸುಳ್ಳು ಹೇಳಲ್ಲ. ಉಪ್ಪು ಸಕ್ಕರೆ ನೀರು ಕುಡಿಸ್ತಾ ಇರಿ, ಸರಿಹೋಗುತ್ತೆ.”

ಅವನು ಹೆಂಡತಿಯ ಮುಖ ನೋಡಿದ. ಅವಳು ತಾಯಿಯ ಮುಖ ನೋಡಿದಳು. ಹುಟ್ಟಿದಾಗಿನಿಂದ ತಾಯಿಯ ತೀರ್ಪು ಕೇಳಿಕೊಂಡೇ ಬೆಳೆದ ಹುಡುಗಿ ಅವಳು.

ಅಕ್ಕ ಹೇಳಿದ ಹಾಗೆಯೇ ಆಯಿತು ನೋಡಿ, ಅದೇ ಮೋಸ. ರಕ್ತ ನಿಂತಿತು, ಭೇದಿಯೂ ಕಮ್ಮಿಯಾಯಿತು. ಅಕ್ಕ ಗೆದ್ದವಳಂತೆ ಓಡಾಡಿದಳು. ಆದರೆ ಮಗು ಎದ್ದು ಆಡಲಿಲ್ಲ. ಮುಖ ಸುಣ್ಣದ ಗೋಡೆಯ ಹಾಗಾಯಿತು. “ಅಮ್ಮಾ, ನಿನ್ನೆಯಿಂದ ಉಚ್ಚೆ ಹುಯ್ದಿಲ್ಲ” ಎಂದಳು ಮಗಳು. “ಅಷ್ಟು ಭೇದಿಯಾದ ಮೇಲೆ ಮೈಯಲ್ಲಿ ನೀರೆಲ್ಲಿದೆ? ಕುಡಿಸು” ಎಂದಳು ಅಕ್ಕ. ಕುಡಿಸಿದ ನೀರು ಹೊರಗೆ ಬರಲಿಲ್ಲ. ಕಣ್ಣಿನ ಕೆಳಗೆ ಊದಿತು, ಪಾದ ಊದಿತು. ಅಳಿಯ ಮನೆಗೆ ಬಂದವನು ಈ ಸಲ ಯಾರನ್ನೂ ಏನೂ ಕೇಳಲಿಲ್ಲ. ಕಂಡಕ್ಟರ್ ಬಟ್ಟೆಯಲ್ಲೇ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಆಸ್ಪತ್ರೆಗೆ ಹೋದ.

ಅಲ್ಲಿನ ಡಾಕ್ಟರುಗಳು ಮುಖ ನೋಡಿದ ಕೂಡಲೇ ರಕ್ತ ತೆಗೆದರು. ಕಿಡ್ನಿ ಎರಡೂ ನಿಂತಿದ್ದವು. ಮಗುವನ್ನು ರಕ್ತ ಶುದ್ಧ ಮಾಡುವ ಯಂತ್ರಕ್ಕೆ ಹಾಕಿದರು.

ಚಿಕ್ಕ ಡಾಕ್ಟರು ಲ್ಯಾಬಿಗೆ ಬಂದು ಒಂದೇ ಮಾತು ಕೇಳಿದರಂತೆ. “ಮಗುವಿನ ತಟ್ಟೆ ಇದೆಯಾ ಅಕ್ಕಾ?” ಸುಡಲು ಇಟ್ಟಿದ್ದ ಬಕೆಟ್ಟಿನಲ್ಲಿತ್ತು. ಅಕ್ಕ ತಾನೇ ಬಗ್ಗಿ ಅದನ್ನು ಹೆಕ್ಕಿದಳು. ತಾನೇ ಸ್ಟೂಲು ಹಾಕಿಕೊಂಡು ಹತ್ತಿ ಡಬ್ಬಿ ಇಳಿಸಿದಳು, ತಾನೇ ಅದರ ಸೀಲು ಒಡೆದಳು, ಕುದಿಸಿದಳು, ಹುಯ್ದಳು. ತನಗೆ ಇಷ್ಟು ಹೆಮ್ಮೆ ತಂದಿದ್ದ ಆ ಗುಲಾಬಿ ಚುಕ್ಕೆಗಳನ್ನು ಒಂದೊಂದಾಗಿ ತಂತಿಯ ತುದಿಯಿಂದ ಎತ್ತಿ ಹೊಸ ಸಕ್ಕರೆಯ ಮೇಲೆ ಗೀರಿದಳು.

ಮರುದಿನ ಅಕ್ಕ ಹಗಲು ಹೊತ್ತಿನಲ್ಲೇ ಮನೆಗೆ ಬಂದಳು, ಕೋಟು ಬಿಚ್ಚದೆ. ನನ್ನ ಸ್ಟೂಲಿನ ಮೇಲೆ ಕೂತಳು. ನಾನು ಮೆಷಿನ್ ನಿಲ್ಲಿಸಿದೆ.

“ಎಲ್ಲಾ ಬಿಳಿ” ಎಂದಳು. “ಒಂದು ಚುಕ್ಕೆಗೂ ಬಣ್ಣ ಬಂದಿಲ್ಲ. ಗಾಜಿನ ಮೇಲೆ ಅವನ ಗುರುತು ಹೇಳೋ ಔಷಧಿ ಹನಿ ಹಾಕಿ ಕಲಸಿ ನೋಡಿದ್ವಿ, ಹಾಲು ಒಡೆದ ಹಾಗೆ ಒಡೀತು. ಅವನೇ.”

ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿಕೊಂಡಳು.

“ಮೊದಲೇ ಗೊತ್ತಾಗಿದ್ರೆ ಕಿಡ್ನಿ ಉಳೀತಿತ್ತಾ ಅಂತ ಚಿಕ್ಕ ಡಾಕ್ಟ್ರನ್ನ ಕೇಳಿದೆ. ‘ಹೇಳಕ್ಕಾಗಲ್ಲ ಅಕ್ಕಾ, ಅವನನ್ನ ಸಾಯಿಸೋ ಔಷಧಿ ಇಲ್ಲ, ಆದ್ರೆ ಮೊದಲ ದಿನವೇ ಆಸ್ಪತ್ರೆಲಿ ಇಟ್ಕೊಂಡು ರಕ್ತನಾಳಕ್ಕೆ ನೀರು ಕೊಟ್ಟು ಕಾಯ್ತಿದ್ವಿ’ ಅಂದ್ಲು.” ಅಕ್ಕನೇ ಮುಂದುವರಿಸಿದಳು. “ಅದಲ್ಲ. ಆ ಎರಡು ಮಕ್ಕಳ ಡಬ್ಬಿ ಬಂದಿತ್ತಲ್ಲ. ಅವತ್ತೇ ಈ ತಟ್ಟೆ ಹುಯ್ದಿದ್ರೆ ಶಿಶುವಿಹಾರಕ್ಕೆ ಅವತ್ತೇ ಬೀಗ ಬೀಳ್ತಿತ್ತು. ಬಟಾಣಿಗೆ ತಗಲ್ತಾನೇ ಇರ್ಲಿಲ್ಲ.”

ಸಮಾಧಾನ ಹೇಳುವುದು ನನ್ನ ಕೆಲಸವಾಗಿತ್ತು. ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ನನಗೆ ಅದು ಬರುವುದಿಲ್ಲ. “ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ಈ ಸಲ ನೀನು ಊರಿಗೂ ಉಪಕಾರಿ ಆಗ್ಲಿಲ್ಲ” ಎಂದುಬಿಟ್ಟೆ. ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅಕ್ಕ ತಲೆಯಾಡಿಸಿದಳು, ಲೆಕ್ಕ ಸರಿಯಾಗಿದೆ ಎನ್ನುವವರ ಹಾಗೆ.

ಬಟಾಣಿ ಬದುಕಿದಳು. ಕಿಡ್ನಿಗಳು ಬದುಕಲಿಲ್ಲ. ಕೆಲವು ಮಕ್ಕಳಿಗೆ ಅವು ಮತ್ತೆ ಎಚ್ಚರವಾಗುತ್ತವಂತೆ. ಇವಳಿಗೆ ಆಗಲಿಲ್ಲ. ಈಗ ವಾರದಲ್ಲಿ ಮೂರು ಸಲ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಯಂತ್ರದ ಪಕ್ಕ ಮಲಗುತ್ತಾಳೆ. ನೀರನ್ನು ಅಳೆದು ಕುಡಿಯುತ್ತಾಳೆ. ಬಟಾಣಿ ಎಂಬ ಹೆಸರು ಈಗ ಅವಳಿಗೆ ಒಪ್ಪುವುದಿಲ್ಲ, ಮೂಳೆ ಚಕ್ಕಳ. ಅವಳು ಮಲಗುವ ಮಂಚದ ನೇರ ಕೆಳಗೆ, ಎರಡು ಮಹಡಿ ಇಳಿದರೆ, ಅಕ್ಕನ ಲ್ಯಾಬ್.

ಆಸ್ಪತ್ರೆಯವರು ವಿಚಾರಣೆ ಮಾಡಿದರು. ಹೊಸ ತಟ್ಟೆ ಕಡ್ಡಾಯ ಎಂದು ಯಾರೂ ಆದೇಶ ಮಾಡಿರಲಿಲ್ಲ, ಆದ್ದರಿಂದ ಯಾರದೂ ತಪ್ಪಿಲ್ಲ. ಅಕ್ಕನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಂದು ತುತ್ತು ಇಳಿಯುತ್ತಿತ್ತೇನೋ. ಚಿಕ್ಕ ಡಾಕ್ಟರು ಈಗ ದನಿ ಎತ್ತಿ ಮಾತಾಡುತ್ತಾರೆ. ಅಕ್ಕ ಈಗ ಬಂದ ಮಕ್ಕಳ ಡಬ್ಬಿಗೆಲ್ಲ, ರಕ್ತ ಇರಲಿ ಬಿಡಲಿ, ಹೊಸ ತಟ್ಟೆ ಹುಯ್ಯುತ್ತಾಳೆ. ಇಷ್ಟು ಹುಯ್ದರೆ ಪುಡಿ ಸಾಲದು ಎಂದು ಉಗ್ರಾಣದವನು ಗೊಣಗುತ್ತಾನೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಮಗಳು ಜಗಳವಾಡಲಿಲ್ಲ, ಅತ್ತು ಕರೆಯಲಿಲ್ಲ. ಸಾಮಾನು ಕಟ್ಟಿಕೊಂಡು ಗಂಡನ ತಾಯಿಯ ಮನೆಗೆ ಹೋದಳು. ನನ್ನ ಜೊತೆ ಮಾತಾಡುತ್ತಾಳೆ, ಬಟ್ಟೆ ಹೊಲಿಸಿಕೊಳ್ಳುತ್ತಾಳೆ. ಅಕ್ಕನ ವಿಷಯ ಎತ್ತಿದರೆ “ಚಿಕ್ಕಮ್ಮಾ, ಬಟನ್ ಗಟ್ಟಿ ಹಾಕಿದೀಯಲ್ಲ?” ಎನ್ನುತ್ತಾಳೆ.

ಮೊನ್ನೆ ನಾನು ಮತ್ತೆ ಕೋಟು ಕೊಡಲು ಲ್ಯಾಬಿಗೆ ಹೋಗಿದ್ದೆ. ಮಧ್ಯಾಹ್ನ, ಉಳಿದವರೆಲ್ಲ ಊಟಕ್ಕೆ ಹೋಗಿದ್ದರು, ಅಕ್ಕ ಒಬ್ಬಳೇ ಇದ್ದಳು. ಕಿಟಕಿಯ ಆಚೆ ಮಗಳು ಬಂದು ನಿಂತಳು, ಒಂದು ಕೈಯಲ್ಲಿ ಬಟಾಣಿಯ ಕೈ, ಇನ್ನೊಂದರಲ್ಲಿ ಡಬ್ಬಿ. ಮಗುವಿಗೆ ಬೆಳಗ್ಗೆಯಿಂದ ಮತ್ತೆ ಹೊಟ್ಟೆ ಕೆಟ್ಟಿತ್ತು. ಅಂಥ ಮೈಗೆ ಒಂದು ದಿನದ ಭೇದಿಯೂ ದೊಡ್ಡದೇ, ಮೇಲಿನ ಮಹಡಿಯವರು ಕೂಡಲೇ ಪರೀಕ್ಷೆ ಮಾಡಿಸಲು ಹೇಳಿದ್ದರು.

ಅಕ್ಕ ಎದ್ದು ಬಂದು ಕಿಟಕಿಯಿಂದ ಕೈ ಚಾಚಿದಳು.

“ಬೇರೆ ಯಾರೂ ಇಲ್ವಾ?” ಎಂದಳು ಮಗಳು.

“ಊಟಕ್ಕೆ ಹೋಗಿದಾರೆ. ಕೊಡು, ಈಗಲೇ ಹಾಕ್ತೀನಿ. ಎಲ್ಲಾ ತಟ್ಟೆಗೂ ಹಾಕ್ತೀನಿ.”

“ಕಾಯ್ತೀನಿ” ಎಂದು ಅವಳು ಎದುರಿನ ಬೆಂಚಿನ ಮೇಲೆ ಕೂತಳು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು.

ಬಟಾಣಿ ಮಾತ್ರ ಕಿಟಕಿಯ ಹತ್ತಿರವೇ ಉಳಿದಳು. ತುದಿಗಾಲಿನಲ್ಲಿ ನಿಂತು ಗಲ್ಲವನ್ನು ಕಟ್ಟೆಯ ಮೇಲಿಟ್ಟಳು. “ಅಜ್ಜೀ, ನನ್ನ ಹೊಟ್ಟೇಲಿ ಕಳ್ಳ ಇದಾನಾ?”

ಅಕ್ಕ ಅವಳ ಮುಖದ ಮಟ್ಟಕ್ಕೆ ಬಗ್ಗಿದಳು. ಅಷ್ಟು ವರ್ಷ ತೀರ್ಪು ಕೊಟ್ಟ ಬಾಯಿ ಅದು. “ಗೊತ್ತಿಲ್ಲ ಕಂದಾ” ಎಂದಳು. “ನೋಡದೆ ನನಗೆ ಗೊತ್ತಾಗಲ್ಲ.”

ಮಗು ತಿರುಗಿ ಕೂಗಿತು, “ಅಮ್ಮಾ, ಡಬ್ಬಿ ಕೊಡು, ಅಜ್ಜಿ ನೋಡ್ತಾಳಂತೆ!”

ಮಗಳು ಡಬ್ಬಿಯ ಮೇಲೆ ಎರಡೂ ಕೈ ಮುಚ್ಚಿದಳು. “ಅಜ್ಜಿ ನೋಡಿದ್ದು ಸಾಕು. ಇಲ್ಲಿ ಬಾ, ಕೂತ್ಕೋ.”

ಅಕ್ಕ ಚಾಚಿದ್ದ ಕೈಯನ್ನು ಒಳಗೆಳೆದುಕೊಂಡಳು. ತಡವಾದರೆ ಸ್ಯಾಂಪಲ್ ಕೆಡುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿ, ಊಟಕ್ಕೆ ಹೋದವರಲ್ಲಿ ಯಾರನ್ನಾದರೂ ಕರೆದು ತರಲು ಹಿಂಬಾಗಿಲಿನಿಂದ ಓಡಿದಳು.